ಚೆಂಡು ಬಚ್ಚಿಡುವ ಕೋಚ್

ನನ್ನ ಭಾವನ ಒಂದು ಉಪದೇಶಕ್ಕೆ ನಾನು ತೆತ್ತದ್ದು ಒಂದು ಗೊನೆ ನೇಂದ್ರ ಬಾಳೆ, ಜೀಪಿಗೆ ಒಂದು ಟ್ಯಾಂಕ್ ಡೀಸೆಲ್, ಮತ್ತೆ ಕಡಬ ಪೇಟೆಯಲ್ಲಿ ನನಗಿದ್ದ ಅಷ್ಟಿಷ್ಟು ಮರ್ಯಾದೆ. ಹಳೆ ಗೋಣಿಚೀಲ ಮಾರಿ ಅಂಗಡಿ ಕಟ್ಟಿದವ ನಾನು; ಯಾರಿಗೂ ಕೇಳಿದ ಬೆಲೆ ಕೊಡುವವನಲ್ಲ. ಆದರೆ ಅಕ್ಕನ ಗಂಡನ ಹತ್ತಿರ ಚೌಕಾಶಿಗೆ ಇಳಿದರೆ ಅಕ್ಕನಿಗೂ ಉತ್ತರ ಕೊಡಬೇಕಲ್ಲ? ಇಷ್ಟಕ್ಕೂ ಆ ಉಪದೇಶ ಏನು ಗೊತ್ತೇ? ಫುಟ್‌ಬಾಲ್ ಗೆಲ್ಲಬೇಕಾದರೆ ಫುಟ್‌ಬಾಲ್ ಆಡುವುದನ್ನು ಕಮ್ಮಿ ಮಾಡಬೇಕು!

ಮೊನ್ನೆ ಫೋನಿನ ವಿಡಿಯೋದಲ್ಲಿ ಯಾರೋ ವಿದೇಶಿ ಕೋಚ್, ಆಟಗಾರರ ಬೆನ್ನಿಗೆ ಎಂಥದೋ ಯಂತ್ರ ಕಟ್ಟಿ, ಪಂದ್ಯ ಹತ್ತಿರ ಬಂದಂತೆ ಅಭ್ಯಾಸದ ಹೊರೆ ಇಳಿಸಬೇಕು, ಆಗ ಕಾಲಿಗೆ ಕಸುವು ಬರುತ್ತದೆ ಎಂದು ಗಂಭೀರವಾಗಿ ಹೇಳುತ್ತಿದ್ದ. ನನಗೆ ನಗು ಬಂತು. ನಮಗೆಲ್ಲ ಇನ್ನೂ ಹೊಟ್ಟೆ ಬಾರದ ಕಾಲದಲ್ಲಿ ನಮ್ಮ ಭಾವ ಇದನ್ನೇ ಲುಂಗಿ ಎತ್ತಿ ಕಟ್ಟಿಕೊಂಡು ಹೇಳಿ, ಊರವರಿಂದ ಬೈಸಿಕೊಂಡಿದ್ದರು!

ಆಗ ನಾನು ನಮ್ಮ ತಂಡದ ಮ್ಯಾನೇಜರ್. ಅಂದರೆ ಜೀಪು ನನ್ನದು. ಭಾವ ಕೋಚ್. ಹಿಂದಿನ ವರ್ಷ ಈಶ್ವರಮಂಗಲದ ಫೈನಲ್‌ನಲ್ಲಿ ನಮ್ಮ ಹುಡುಗರು ದ್ವಿತೀಯಾರ್ಧವನ್ನು ನಡೆದುಕೊಂಡೇ ಮುಗಿಸಿದ್ದರು. ಈ ಸಲವೂ ಸೋತರೆ ಮಂಗಳೂರಿನಿಂದ ಬೇರೆ ಕೋಚ್ ತರಿಸುವುದು ಎಂದು ಕ್ಲಬ್ಬಿನ ಅಧ್ಯಕ್ಷರು ಎಲ್ಲರೆದುರೇ ಹೇಳಿಬಿಟ್ಟರು. ಆ ತಂಡ ಕೈತಪ್ಪಿದರೆ ಭಾವನಿಗೆ ಸಂಜೆ ಎಂಬುದೇ ಇರಲಿಲ್ಲ.

ಫೈನಲ್‌ಗೆ ವಾರ ಇರುವಾಗ ಚೆಂಡೇ ಕಾಣೆ! ಹುಡುಕಿದರೆ, ಅಕ್ಕನ ಅಡುಗೆಮನೆಯ ಅಕ್ಕಿ ಡ್ರಮ್ಮಿನೊಳಗೆ.

"ಎಂತ ಭಾವ ಇದು?"

"ರೆಸ್ಟ್ ಮಾರಾಯ."

"ಚೆಂಡಿಗಾ?"

"ಹುಡುಗರಿಗೆ. ರಬ್ಬರ್ ಮರಕ್ಕೆ ದಿನಾ ಕತ್ತಿ ಹಾಕ್ತಾರಾ? ಒಂದು ದಿನ ಬಿಟ್ಟು ಒಂದು ದಿನ. ದಿನಾ ಹಾಕಿದ್ರೆ ಹಾಲು ನಿಲ್ತದೆ. ಇವರ ಕಾಲು ಎಂತ, ರಬ್ಬರ್ ಮರಕ್ಕಿಂತ ಗಟ್ಟಿ ಉಂಟಾ?"

ಪೂರ್ತಿ ನಿಲ್ಲಿಸಲಿಲ್ಲ ಅನ್ನಿ. ಸಂಜೆ ಸ್ವಲ್ಪ ಹೊತ್ತು ಚೆಂಡು ಹೊರಗೆ ಬರುತ್ತಿತ್ತು. ಓಟ ಅರ್ಧಕ್ಕರ್ಧ ಕಮ್ಮಿ. ಆದರೆ ಓಡುವಷ್ಟು ಹೊತ್ತು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಬೇಕು. ಬೆವರು ಹನಿಯುವಷ್ಟರಲ್ಲಿ ಸೀಟಿ, ಚೆಂಡು ಪುನಃ ಅಕ್ಕಿಯೊಳಗೆ. ಆ ವಾರ ಅಕ್ಕನ ಮನೆಯ ಗಂಜಿಗೆ ಮೈದಾನದ ರುಚಿ ಇತ್ತೆಂದು ಈಗಲೂ ನನ್ನ ಗುಮಾನಿ.

ಭಾವ ಒಂದು ವಿಷಯ ಮರೆತಿದ್ದರು. ನಮ್ಮ ಕಡೆ ಹುಡುಗ ಮನೆಯಲ್ಲಿ ಸುಮ್ಮನೆ ಕುಳಿತದ್ದು ಕಂಡರೆ ಯಾರಿಗಾದರೂ ಸಹಿಸಲಿಕ್ಕಾಗುತ್ತದೆಯೇ? ಆಟ ಕಮ್ಮಿ ಎಂದದ್ದೇ ತಡ, ಒಬ್ಬನನ್ನು ಅಡಿಕೆ ಮರ ಹತ್ತಿಸಿದರು, ಇನ್ನೊಬ್ಬನಿಗೆ ಗೊಬ್ಬರ ಹೊರಿಸಿದರು. ಮೊದಲ ದಿನದ ವಿಶ್ರಾಂತಿ ಮುಗಿಸಿ ಬಂದ ಗೋಲ್‌ಕೀಪರ್‌ಗೆ ಕೈ ಎತ್ತಲಿಕ್ಕೇ ಆಗುತ್ತಿರಲಿಲ್ಲ!

ಭಾವ ನನ್ನ ಜೀಪು ಹತ್ತಿದರು. ಮನೆಮನೆಗೆ ಹೋಗಿ ವಿಶ್ರಾಂತಿಯ ಭಿಕ್ಷೆ! ಊರೆಲ್ಲ ನಕ್ಕಿತು. ಗೋಲ್‌ಕೀಪರ್‌ನ ಅಪ್ಪ ಬಾಳೆಗೊನೆ ಕೈಗೆ ಬರುವವರೆಗೆ ಜಗ್ಗಲಿಲ್ಲ. ಅರಂತೋಡಿನಲ್ಲಿ ಒಬ್ಬನ ಅಜ್ಜಿಗೆ ನಾನು ಕೈಮುಗಿದು, "ಈ ಒಂದು ವಾರ ನಿಮ್ಮ ಪುಳ್ಳಿಗೆ ಕೆಲಸ ಹೇಳ್ಬೇಡಿ ಅಜ್ಜಿ" ಎಂದೆ.

"ಹೇಳುದು ನಾನು ದಿನಾ ಹೇಳ್ತೇನೆ. ಅವ ಮಾಡಿದ್ದು ಯಾವ ವಾರ, ಅದನ್ನು ನೀವು ಹೇಳಿ!"

ಉಳಿದದ್ದು ನಮ್ಮ ಸೆಂಟರ್ ಫಾರ್ವರ್ಡ್. ಅವನ ಅಪ್ಪ ಸೊಂಟ ಹಿಡಿದು ಮಲಗಿದ್ದರು. ಮುಂಜಾನೆ ರಬ್ಬರ್ ಮರ ಗೀರಿ ಹಾಲಿಳಿಸುವ ಟ್ಯಾಪಿಂಗಿಗೆ ಇವನೊಬ್ಬನೇ. ಇಂದು ಅರ್ಧ ತೋಟ, ನಾಳೆ ಇನ್ನರ್ಧ. ಮರಗಳಿಗೆ ಬಿಡುವು ಉಂಟು, ಅವನಿಗಿಲ್ಲ.

"ಅದು ನನಗೆ ಬಿಡು" ಎಂದರು ಭಾವ.

ಯಾರನ್ನೋ ಗೊತ್ತು ಮಾಡಿರಬೇಕು ಎಂದುಕೊಂಡೆ. ಅದರ ಸಂಬಳ ನನ್ನ ತಲೆಗೆ ಬಾರದಿದ್ದರೆ ಸಾಕಿತ್ತು!

ಫೈನಲ್ ದಿನ ಅಡಿಕೆ ಮರದ ಗ್ಯಾಲರಿ ಜನರ ಭಾರಕ್ಕೆ ಕಿರುಗುಡುತ್ತಿತ್ತು. ಪ್ರಥಮಾರ್ಧದಲ್ಲೇ ನಮ್ಮ ಮೇಲೆ ಒಂದು ಗೋಲು. ನನ್ನ ಹಿಂದೆ ಕುಳಿತ ಅಧ್ಯಕ್ಷರು, "ಮಲಗಿಸಿದ್ದೆಲ್ಲ ಸರಿ ಮಾರಾಯ್ರೆ, ಏಳಿಸ್ಲಿಕ್ಕೆ ಮರೆತಿದ್ದಾರೆ!" ಎಂದರು. ಸುತ್ತಲಿನವರು ನಕ್ಕರು.

ದ್ವಿತೀಯಾರ್ಧದಲ್ಲಿ ನೋಡಬೇಕಿತ್ತು! ಹಿಂದಿನ ಸಂಜೆಯವರೆಗೂ ಬೆವರು ಸುರಿಸಿದ್ದ ಎದುರು ತಂಡದವರು ಸೊಂಟಕ್ಕೆ ಕೈಯಿಟ್ಟು ನಿಲ್ಲತೊಡಗಿದರು. ನಮ್ಮವರು ಹಗ್ಗ ಬಿಚ್ಚಿದ ಕರುಗಳು! ಒಂದು ಗೋಲು ಬಂತು. ಮುಗಿಯುವ ಹೊತ್ತಿಗೆ ಸೆಂಟರ್ ಫಾರ್ವರ್ಡ್ ಇಬ್ಬರನ್ನು ಹಿಂದೆ ಹಾಕಿ ಇನ್ನೊಂದನ್ನು ಹೊಡೆದ. ಅಧ್ಯಕ್ಷರೇ ನನ್ನನ್ನು ಅಪ್ಪಿಕೊಂಡು, "ಕೋಚ್ ಎಲ್ಲಿ? ಬರುವ ವರ್ಷವೂ ಅವರೇ!" ಎಂದು ಕೂಗಿದರು.

ಹೌದಲ್ಲ, ಎಲ್ಲಿ?

ಜೀಪಿನ ಹಿಂದಿನ ಸೀಟಿನಲ್ಲಿ, ಬಾಯಿ ತೆರೆದು ನಿದ್ದೆ. ಪಕ್ಕದಲ್ಲಿ ಅಕ್ಕ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಏಳಿಸ್ಬೇಡ ನೀನು" ಎಂದಳು. "ವಾರ ಇಡೀ ಬೆಳಕಾಗುವ ಮೊದಲೇ ಎದ್ದು, ತಲೆಗೆ ಲೈಟ್ ಕಟ್ಟಿ, ಆ ಸೆಂಟರ್ ಫಾರ್ವರ್ಡ್ ಹುಡುಗನ ತೋಟಕ್ಕೆ ಹೋಗಿ ಇವರೇ ಟ್ಯಾಪಿಂಗ್ ಮಾಡಿದ್ದು. ಅವನ ಹತ್ರ ಆಳು ಇಟ್ಟಿದ್ದೇನೆ ಅಂತ ಹೇಳಿದ್ದಂತೆ. ಹಾಫ್ ಟೈಮಿಗೆ, 'ಇನ್ನು ಅವರು ಓಡ್ತಾರೆ' ಅಂತ ಹೇಳಿ ಬಂದು ಕೂತ್ರು. ಕೂತದ್ದೇ ಗೊತ್ತು."

ಅಷ್ಟರಲ್ಲಿ ಹುಡುಗರು ಗೆದ್ದ ಕಪ್ ಎತ್ತಿಕೊಂಡು ಬೊಬ್ಬೆ ಹಾಕುತ್ತಾ ಬಂದರು. ಮುಂದೆ ಇದ್ದವ ಸೆಂಟರ್ ಫಾರ್ವರ್ಡ್. ಭಾವನ ಬೆರಳಿನ ಸಂದಿಯಲ್ಲಿ ಒಣಗಿ ಕಪ್ಪಾಗಿದ್ದ ರಬ್ಬರ್ ಹಾಲನ್ನು ನೋಡಿ ನಿಂತ. ಹಿಂದೆ ತಿರುಗಿ ಬಾಯಿಗೆ ಬೆರಳಿಟ್ಟ. ಒಬ್ಬೊಬ್ಬರೇ ಸುಮ್ಮನಾಗಿ, ಕಪ್ಪನ್ನು ಹುಲ್ಲಿನ ಮೇಲಿಟ್ಟು, ಜೀಪಿನ ಸುತ್ತ ಕುಳಿತರು. ಗೆದ್ದ ತಂಡವೊಂದು ಅಷ್ಟು ಮೆಲ್ಲಗೆ ಉಸಿರಾಡಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಈಗಲೂ ಕೇಳಿದರೆ ಭಾವ, "ನಿದ್ದೆ ಎಲ್ಲಿ ಮಾರಾಯ, ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ" ಎನ್ನುತ್ತಾರೆ.

ನೀವೂ ತಂಡ ಕಟ್ಟುವವರಾದರೆ ನನ್ನ ಮಾತು ಕೇಳಿ. ಪಂದ್ಯದ ವಾರ ಅಭ್ಯಾಸ ಇಳಿಸಿ, ನಿಲ್ಲಿಸಬೇಡಿ. ಮನೆಯವರ ಹತ್ತಿರ ಮೊದಲೇ ಮಾತಾಡಿಡಿ. ಮತ್ತೆ, ಹುಡುಗರಿಂದ ಇಳಿಸಿದ ಹೊರೆ ಯಾರ ಹೆಗಲಿಗೆ ಹೋಯಿತೆಂದು ಮೆಲ್ಲ ವಿಚಾರಿಸಿ. ಗೊತ್ತಾದರೆ ಮರುದಿನ ಮುಂಜಾನೆ ತಲೆಗೆ ಲೈಟ್ ಕಟ್ಟಿಕೊಂಡು ನೀವೂ ಅವರ ಜೊತೆ ಹೋಗಿ.