ಏಳು ಗಂಟೆಯ ಉದ್ಯಾನ

ಪುರಸಭೆಯ ಹೆಡ್ ಗುಮಾಸ್ತರ ಹೆಂಡತಿಗೆ ಇದ್ದದ್ದು ಒಂದೇ ಆಸೆ: ಸಂಜೆ ಉದ್ಯಾನದ ಬೆಂಚಿನ ಮೇಲೆ ಗಂಡನ ಪಕ್ಕ ಕೂರಬೇಕು. ಮದುವೆಯಾದ ಹೊಸದರಲ್ಲಿ ಕೂತದ್ದುಂಟು. ಆಮೇಲೆ ಉದ್ಯಾನಕ್ಕೆ ಬೀಗ ಬಿತ್ತು. ಗಿಡ ಒಂದು ಶಾಖೆಗೆ, ಬೆಂಚು ಇನ್ನೊಂದಕ್ಕೆ, ಬೀಗ ಮೂರನೆಯದಕ್ಕೆ ಸೇರಿದ್ದರಿಂದ (ಬೀಗದ ಕೈ ಯಾರದೆಂದು ಇನ್ನೂ ಪತ್ರವ್ಯವಹಾರ ನಡೆದಿತ್ತು) ಹನ್ನೊಂದು ವರ್ಷ ಅದು ತೆರೆಯಲಿಲ್ಲ. ಆಕೆ ಮಹಡಿಯ ಕಿಟಕಿಯಿಂದ ಆ ಬೆಂಚನ್ನು ತವರುಮನೆಯನ್ನು ನೋಡುವಂತೆ ನೋಡುತ್ತಿದ್ದಳು.

"ಒಂದು ಬೀಗ ತೆಗೆಸೋಕಾಗಲ್ವೇನ್ರೀ?"

"ಎಲ್ಲಾ ಕ್ರಮಬದ್ಧವಾಗಿ ಆಗ್ಬೇಕು ಕಣೇ."

"ನನ್ನ ಕೂದಲು ಮಾತ್ರ ಕ್ರಮಬದ್ಧವಾಗಿ ಬೆಳ್ಳಗಾಗ್ತಿದೆ!"

ಮಾತು ನಾಟಿತು. ಹಾಗಂತ ಗುಮಾಸ್ತರೇನೂ ಬೀಗ ಒಡೆಯಲಿಲ್ಲ. ಪುರಸಭೆಯನ್ನೇ ಸುಧಾರಿಸಲು ಒಂದು ಯೋಜನೆ ಬರೆದರು. ಎಲ್ಲ ದೂರುಗಳಿಗೂ ಒಂದೇ ಮೇಜು. ಏಳು ದಿನದೊಳಗೆ ಪರಿಹಾರ. ಸಿಬ್ಬಂದಿ ಸಿಗುವವರೆಗೆ, ಪರಿಹರಿಸಿದವರೇ ಆ ಕೆಲಸವನ್ನು ನಡೆಸತಕ್ಕದ್ದು. ಅಧ್ಯಕ್ಷರು ತಲೆದೂಗಿ ಸಹಿ ಹಾಕಿ, ಆ ಒಂದೇ ಮೇಜನ್ನು ಇವರಿಗೇ ದಯಪಾಲಿಸಿದರು.

ಮರುದಿನ ಸಾಲಿನಲ್ಲಿ ಮೊದಲು ನಿಂತವಳು ಹೆಂಡತಿಯೇ.

"ವಿಳಾಸ ಹೇಳಿ," ಎಂದರು ಗುಮಾಸ್ತರು, ತಲೆಯೆತ್ತದೆ.

"ದಿನಾ ಊಟಕ್ಕೆ ಬರ್ತೀರಲ್ಲ, ಅದೇ ಮನೆ!"

ಏಳನೆಯ ದಿನ ಬೀಗ ಬಿಚ್ಚಿತು. ಊರೇ ಒಳಗೆ ನುಗ್ಗಿತು. ಆದರೆ ಕಾವಲುಗಾರನ ಹುದ್ದೆ ಖಾಲಿ ಇತ್ತು. ಹಾಗಾಗಿ ನಿಯಮದಂತೆ ದಿನಾ ಐದರಿಂದ ಏಳರವರೆಗೆ ಗುಮಾಸ್ತರೇ ಗೇಟಿನ ಬಳಿ ಸ್ಟೂಲಿನ ಮೇಲೆ ವಿರಾಜಮಾನರಾದರು. ಹೆಂಡತಿ ಅರ್ಧ ಬೆಂಚಿಗೆ ಶಾಲು ಹಾಸಿಕೊಂಡು ಕಾದಳು. ಯಾರಾದರೂ ಕೂರಲು ಬಂದರೆ, "ನಮ್ಮವರು ಬರ್ತಾರೆ," ಎನ್ನುವಳು. ನಮ್ಮವರು ನೂರು ಹೆಜ್ಜೆ ಆಚೆ ಕೂತು ಇತ್ತಲೇ ನೋಡುತ್ತಿದ್ದರು. ಒಂದು ತಿಂಗಳು ಹೀಗೇ ಕಳೆಯಿತು.

ಒಂದು ಸಂಜೆ ಏಳು ಹೊಡೆದು ಎಲ್ಲರೂ ಹೊರಟರೂ ಆಕೆ ಏಳಲಿಲ್ಲ.

"ಏಳೇ, ಏಳಾಯ್ತು."

"ನೀವು ಕೂತ್ರೆ ಏಳ್ತೀನಿ."

ಗುಮಾಸ್ತರು ಅತ್ತಿತ್ತ ನೋಡಿದರು. ಆಕೆ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವರು ಕೂತರು. ಗೇಟು ತೆರೆದೇ ಇತ್ತು. ಅದರ ನೆನಪು ಅವರಿಗೆ ಬರಲೂ ಇಲ್ಲ.

ಬೆಳಿಗ್ಗೆ ಮೇಜಿನ ಮೇಲೆ ಉದ್ಯಾನದ ಎದುರುಮನೆ ಟೈಲರನ ದೂರು ಕಾದಿತ್ತು: "ನಿನ್ನೆ ಸಮಯ ಮೀರಿದ ಮೇಲೂ ಉದ್ಯಾನದಲ್ಲಿ ಒಂದು ಜೋಡಿ ಕೈ ಕೈ ಹಿಡಿದು ಕೂತಿತ್ತು. ಅವರು ಯಾರು? ಆ ಹೊತ್ತಿನಲ್ಲಿ ಕಾವಲುಗಾರ ಎಲ್ಲಿ ಹಾಳಾಗಿ ಹೋಗಿದ್ದ? ಏಳು ದಿನದೊಳಗೆ ಲಿಖಿತ ಉತ್ತರ ಬೇಕು."