ಬಾಗಿಲ ಮೇಲಿನ ರೈಲಿಗೊಂದು ಎಂಜಿನ್ನು

ಇಸವಿ ೧೯೩೨ರಲ್ಲಿ ನಾನು ಓದು ನಿಲ್ಲಿಸಿದೆ. ಓದೇ ನನ್ನನ್ನು ನಿಲ್ಲಿಸಿತು ಎನ್ನುವವರೂ ನಮ್ಮ ಶಿರಾಳಕೊಪ್ಪದಲ್ಲಿ ಇದ್ದಾರೆ. ಅವರ ಭತ್ತವನ್ನೂ ನನ್ನ ಮಿಲ್ಲಿನಲ್ಲೇ ಅಕ್ಕಿ ಮಾಡಿ ಕೊಡುತ್ತೇನೆ. ಅಪ್ಪ ತೀರಿಕೊಂಡ ವರ್ಷ ಅದು. ತಮ್ಮಂದಿರಿಬ್ಬರನ್ನು ಓದಿಸಬೇಕಿತ್ತು, ಓದಿಸಿದೆ. ಅವರು ಕಾಲೇಜಿಗೆ ಹೋಗುವಾಗಲೆಲ್ಲ ಸಾಗರದಲ್ಲಿ ರೈಲು ಹತ್ತಿಸಿ, ಕೊನೆಯ ಡಬ್ಬಿ ಮರೆಯಾಗುವವರೆಗೆ ನಿಂತು, ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ನಮ್ಮ ತಾಲ್ಲೂಕಿಗೆ ರೈಲು ಬರಲಿಲ್ಲ. ಮನುಷ್ಯನಿಗೆ ದಕ್ಕದ್ದು ಎಲ್ಲೋ ಒಂದು ಕಡೆ ಮೊಳಕೆಯೊಡೆಯುತ್ತದೆ. ನನಗೆ ಅದು ಮಿಲ್ಲಿನ ಹಿಂದಿನ ಉಗ್ರಾಣದಲ್ಲಿ ಒಡೆಯಿತು. ಉಗ್ರಾಣದ ಬಾಗಿಲನ್ನೇ ಕಳಚಿ, ಅಕ್ಕಿಮೂಟೆಗಳ ಮೇಲೆ ಮಲಗಿಸಿ, ಅದರ ಮೇಲೆ ಆಟದ ರೈಲುಹಳಿ ಹಾಸಿದೆ. ಸ್ಟೇಷನ್ನು, ಸಿಗ್ನಲ್ಲಿನ ಕೈಮರ, ಗೂಡ್ಸ್ ಷೆಡ್ಡು ಎಲ್ಲವನ್ನೂ ತಗಡಿನಲ್ಲಿ ನಾನೇ ಕತ್ತರಿಸಿದೆ. ಎಂಜಿನ್ನು ಮಾತ್ರ ಇರಲಿಲ್ಲ.

ಜವಳಿ ತರಲು ಮುಂಬಯಿಗೆ ಹೋಗುವ ಪರಿಚಯದ ವರ್ತಕರೊಬ್ಬರು ಈ ವರ್ಷ, ಐವತ್ತೆಂಟರಲ್ಲಿ, ಟಾರ್ಚಿನ ಸೆಲ್ಲಿನಿಂದ ಓಡುವ ಎರಡು ಎಂಜಿನ್ನು ತಂದರು. "ಎರಡನ್ನೂ ಓಡಿಸಿ ನೋಡ್ರಿ. ಒಂದು ಇಟ್ಕೊಂಡು ಇನ್ನೊಂದನ್ನ ಸಂತೆ ದಿನ ವಾಪಸ್ ಕೊಡ್ರಿ, ಕೇಳಿದವರು ಇದಾರೆ" ಎಂದರು. ಒಂದು, ಹೊಗೆಕೊಳವೆ, ಹಿತ್ತಾಳೆ ಪಟ್ಟಿ, ಮುಂದೆ ದನ ತಳ್ಳುವ ಇಳಿಜಾರು ಮೂತಿ ಇದ್ದ ಉಗಿ ಎಂಜಿನ್ನು, ಮದುವೆ ಗಂಡಿನಂಥದು. ಇನ್ನೊಂದು ಡೀಸೆಲ್ಲಿನದು, ಸಕ್ಕರೆ ಡಬ್ಬಿಗೆ ಗಾಲಿ ಹಚ್ಚಿದ ಹಾಗಿತ್ತು. ಮಿಲ್ಲಿನ ಡೀಸೆಲ್ ಎಂಜಿನ್ನಿನಿಂದ ಅನ್ನ ತಿನ್ನುವವನಾದರೂ ನನ್ನ ಮನಸ್ಸು ಕೊಳವೆಯ ಕಡೆಗೇ ಎಳೆಯಿತು.

ಸಾಗರದಿಂದ ಹೆಂಡತಿಯ ತಮ್ಮ ಬಂದಿದ್ದ. ರೈಲ್ವೆಯಲ್ಲಿ ಗುಮಾಸ್ತ. "ಹೊಗೆ ಬಿಡದ ಎಂಜಿನ್ನು ಅಂದ್ರೆ ಮೀಸೆ ಇಲ್ಲದ ಮಾವ ಇದ್ದಂಗೆ, ಭಾವ. ಯಾರೂ ಹೆದರೋದಿಲ್ಲ" ಎಂದ.

"ಇದರ ಕೆಲಸ ಏನು?"

"ಶಂಟಿಂಗು. ಡಬ್ಬಿಗಳನ್ನ ಆ ಹಳಿಯಿಂದ ಈ ಹಳಿಗೆ ನೂಕಿ ಜೋಡಿಸಿ ಕೊಡೋದು. ಊರೂರಿಗೆ ಹೋಗೋ ಎಂಜಿನ್ನು ಬೇರೆ. ಇದು ಯಾರ್ಡು ಬಿಟ್ಟು ಕದಲೋದಿಲ್ಲ."

"ಹಂಗಾದ್ರೆ ಅದು ನಿನ್ನ ಭಾವನೇ ಬಿಡು" ಎಂದಳು ಹೆಂಡತಿ. ನಗಲೂ ಇಲ್ಲ. ನನಗೆ ಸಿಟ್ಟು ಬಂತು. ಉಗಿಯದ್ದೇ ಇರಲಿ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ನಮ್ಮಲ್ಲಿ ಯಾವ ಯಂತ್ರವೂ ವಿಭೂತಿ ಹಚ್ಚಿಸಿಕೊಳ್ಳದೆ, ಯಾವ ಗಾಲಿಯೂ ನಿಂಬೆಹಣ್ಣು ಹಿಚುಕದೆ ಮೊದಲ ಸಲ ಹೊರಟದ್ದಿಲ್ಲ. ಉಗಿ ಎಂಜಿನ್ನಿಗೆ ಮೂರು ಗೆರೆ ವಿಭೂತಿ ಎಳೆದು, ಹಳಿಯ ಮೇಲೆ ಹಣ್ಣಿಟ್ಟೆ.

"ರೀ, ಹಣ್ಣು ಎಂಜಿನ್ನಿನಷ್ಟೇ ಎತ್ತರ ಇದೆ. ಗಿಡದಲ್ಲಿ ಹೀಚು ಇದಾವೆ, ತರ್ತೀನಿ ಇರಿ."

"ಹೀಚಿನಲ್ಲಿ ಪೂಜೆ ಮಾಡೋಕೆ ನಾವೇನು ಆಟ ಆಡ್ತಿದೀವಾ?" ಎಂದೆ. ಅಕ್ಕ ತಮ್ಮ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

ಎಂಜಿನ್ನು ರಭಸದಿಂದ ಹೋಯಿತು. ಇಳಿಜಾರು ಮೂತಿ ಹಣ್ಣಿನಡಿ ತೂರಿತು, ಗಾಲಿ ಮೇಲೆದ್ದಿತು, ಮದುವೆ ಗಂಡು ಪಕ್ಕಕ್ಕೆ ಹೊರಳಿ ಬಾಗಿಲಿನಿಂದ ನೆಲಕ್ಕೆ ಬಿತ್ತು. ಕೊಳವೆ ಮುರಿದು ಮೂಟೆಗಳ ಸಂದಿಗೆ ಹೋಯಿತು.

ಹಣ್ಣನ್ನು ಮತ್ತೆ ಹಳಿಯ ಮೇಲೆ ಸರಿಯಾಗಿ ಇಟ್ಟೆ. ಆಮೇಲೆ ಸಕ್ಕರೆ ಡಬ್ಬಿಗೂ ವಿಭೂತಿ ಹಚ್ಚಿ ಬಿಟ್ಟೆ. ಅದು ನಿಧಾನ ಹೋಗಿ, ತನ್ನ ಚಪ್ಪಟೆ ಮುಖವನ್ನು ಹಣ್ಣಿಗೆ ತಾಗಿಸಿ, ಒಂದು ಗಳಿಗೆ ಗುಂಯ್‌ಗುಟ್ಟಿತು. ಹಣ್ಣು ಉರುಳಿತು. ಅದನ್ನು ಹಿಚುಕದೆ, ತಾನೂ ಬೀಳದೆ, ಬಾಗಿಲಿನ ಉದ್ದಕ್ಕೂ ನೂಕಿಕೊಂಡು ಹೋಗಿ ಗೂಡ್ಸ್ ಷೆಡ್ಡಿನ ಒಳಗೆ ಸೇರಿಸಿ ನಿಂತಿತು.

"ಶಂಟಿಂಗ್ ಆಯ್ತು, ಭಾವ" ಎಂದ ಹೆಂಡತಿಯ ತಮ್ಮ, ಮೆಲ್ಲಗೆ.

ನಾನು ಅದನ್ನೆತ್ತಿ ಗಾಲಿ ಒರೆಸಿದೆ. ಕೈಯಲ್ಲಿ ಇನ್ನೂ ಬೆಚ್ಚಗಿತ್ತು. "ಇದೇ ಇರಲಿ" ಎಂದೆ. ಹೆಂಡತಿ ನನ್ನ ಮುಖ ನೋಡದೆ, ಷೆಡ್ಡಿನಿಂದ ನಿಂಬೆಹಣ್ಣು ತೆಗೆದುಕೊಂಡು ಅಡಿಗೆಮನೆಗೆ ಹೋದಳು.

ಸಂತೆ ದಿನ ವರ್ತಕರು ಉಗಿ ಎಂಜಿನ್ನನ್ನು ತಿರುವಿ ನೋಡಿದರು. "ವಿಭೂತಿ ಹಚ್ಚಿಸಿಕೊಂಡದ್ದನ್ನ ವಾಪಸ್ ತಗೊಳ್ಳೋಕಾಗಲ್ಲ ರೀ" ಎಂದರು. ಮುರಿದ ಕೊಳವೆಯ ಸುದ್ದಿ ಎತ್ತಲಿಲ್ಲ. ದೊಡ್ಡ ಮನುಷ್ಯರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಅಕ್ಕಿಮಿಲ್ಲು ಒಂದು, ಓದಿದ ತಮ್ಮಂದಿರು ಇಬ್ಬರು, ನಡೆಯುವ ಎಂಜಿನ್ನು ಒಂದು, ಮಲಗಿದ ಎಂಜಿನ್ನು ಒಂದು, ಬಾಗಿಲಿಲ್ಲದ ಉಗ್ರಾಣ ಒಂದು.