ಗಂಟು ಹಾಕುವ ಅತ್ತೆ

ನಮ್ಮ ಸೋದರತ್ತೆಗೆ ತಲೆ ನೆಟ್ಟಗಿಲ್ಲ ಎಂದು ಆದವಾನಿಯ ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ನಾನು ಮಾತ್ರ ಹೇಳುವುದಿಲ್ಲ. ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಅದು ನಿಜವೂ ಹೌದು, ಅದೇ ತೊಂದರೆ!

ನಮ್ಮ ಮನೆಯಲ್ಲೇ ಇರುವ ಈ ಅತ್ತೆಗೆ ಕಂಡದ್ದಕ್ಕೆಲ್ಲ ದಾರ ಕಟ್ಟಿ ಗಂಟು ಹಾಕುವ ಚಟ. ಖಾರದ ಪುಡಿಯ ಡಬ್ಬಿಗೆ ಮೂರು ಗಂಟು, ಧನಿಯಾ ಪುಡಿಗೆ ಒಂದು. ಉಪ್ಪು ಸಕ್ಕರೆಗಳನ್ನೂ ಬಿಟ್ಟಿಲ್ಲ. ನೀರಿನ ಮೋಟಾರಿನ ಗುಂಡಿಗೆ ಗಂಟು, ಟವೆಲ್ಲಿನ ತುದಿಗೆ ಗಂಟು, ನನ್ನ ಅಂಗಿಯ ಕಾಲರಿನ ಒಳಗೂ ಒಂದು ಗಂಟು! ದೇವರ ಮನೆಯ ವಿಭೂತಿಗಟ್ಟಿ ಹೇಗೋ ಪಾರಾಗಿದೆ. ಯಾರೇ ಎಮ್ಮಿಗನೂರಿಗೆ ಹೊರಟರೂ "ಮಗ್ಗದ ನೂಲು ಒಂದು ಉಂಡಿ ತಗಂಬರ್ರಿ" ಎಂಬ ಬೇಡಿಕೆ. ಹತ್ತಿ ವ್ಯಾಪಾರಿಯ ಮನೆಯಲ್ಲಿ ಕುಳಿತು ಊರೂರಿನಿಂದ ನೂಲು ಬೇಡುವವರನ್ನು ನೀವು ಕಂಡಿದ್ದೀರಾ?

ಆ ಹತ್ತಿ ವ್ಯಾಪಾರಿ ನಮ್ಮಪ್ಪ. ಅವನ ಅಂಗಡಿಯಲ್ಲಿ ಕೂರಲು ಮನಸ್ಸಿಲ್ಲದೆ ನಾನು ಬೆಂಗಳೂರಿನವರು ಆನ್‌ಲೈನಿನಲ್ಲಿ ಕಲಿಸುವ ಯುಎಕ್ಸ್ ಡಿಸೈನ್ ಕೋರ್ಸಿಗೆ ಸೇರಿದೆ. ಹಾಗೆಂದರೆ, ಮೊಬೈಲಿನ ಆ್ಯಪ್ ಬಳಸುವವರು ಎಲ್ಲೂ ಎಡವದಂತೆ ಅದನ್ನು ರೂಪಿಸುವ ವಿದ್ಯೆ. ಕೊನೆಯಲ್ಲಿ ಸ್ವಂತದ್ದೊಂದು ಆ್ಯಪ್ ರೂಪಿಸಿ ಪಾಸಾಗಬೇಕು. ಪಾಸಾದರೆ ಈ ಕೆಲಸ, ಇಲ್ಲವಾದರೆ ಬಾಯಿ ಮುಚ್ಚಿಕೊಂಡು ಹತ್ತಿ ಅಂಗಡಿ. ಇದು ಅಪ್ಪನ ಕರಾರು.

"ಗೆರೆ ಎಳೆಯುವ ಮೊದಲು ಜನರನ್ನು ನೋಡಿ, ಅವರು ಎಲ್ಲಿ ತಡವರಿಸುತ್ತಾರೆಂದು ಬರೆದು ತನ್ನಿ" ಎನ್ನುವುದು ಕೋರ್ಸು ಕಲಿಸುವ ಮೇಡಂ ಅವರ ಮೊದಲ ಪಾಠ. ಸರಿ, ಬಸ್ ನಿಲ್ದಾಣದಲ್ಲಿ ನೋಟ್‌ಬುಕ್ ಹಿಡಿದು ಇಡೀ ಬೆಳಗು ಕುಳಿತೆ. ಕೌತಾಳಂ ಬಸ್ಸಿನ ಕಂಡಕ್ಟರು ನನ್ನನ್ನು ತಪಾಸಣೆಗೆ ಬಂದವನೆಂದು ತಿಳಿದು ಚಹಾ ಕುಡಿಸಿದ. ಬರೆದದ್ದು ಎರಡು ಸಾಲು. ಮನೆಗೆ ಬಂದು ಗೋಳು ತೋಡಿಕೊಂಡರೆ ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಹೇಳಿದಳು: "ಊರಿನ್ ಹೆಸರು ಬಸ್ಸಿನ್ ಮುಂದ್ ಐತಿ, ಹತ್ತೋ ಬಾಗಲು ಹಿಂದ್ ಐತಿ. ಮುದುಕ್ರು ಹತ್ತಿ ಕುಂತ ಮ್ಯಾಲೆ ಇದು ಯಾವೂರಿಗೆ ಹೋಗ್ತೈತಿ ಅಂತ ಕೇಳ್ತಾರ. ಬರಕಾ!" ಬರೆದುಕೊಂಡೆ. ಹತ್ತಕ್ಕೆ ಒಂಬತ್ತು ಅಂಕ. ಅಂಕ ಬಂದದ್ದು ನನಗೆ, ಹೊಟ್ಟೆ ಉರಿದದ್ದೂ ನನಗೇ!

ಇನ್ನೊಂದು ದಿನ ವಿಡಿಯೊ ತರಗತಿ ನಡೆದಾಗ, ನನ್ನ ಬೆನ್ನ ಹಿಂದಿನ ಕಪಾಟು ಮೇಡಂ ಕಣ್ಣಿಗೆ ಬಿತ್ತು. "ಆ ಡಬ್ಬಿಗಳಿಗೆ ಏನು ಕಟ್ಟಿದ್ದೀರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಡುವೆ ಮುಖ ತೂರಿಸಿ, "ಗಂಟ್ರೀ ಮೇಡಂ. ಕಣ್ಣು ಮೋಸ ಮಾಡಿದ್ರೂ ಬೆರಳು ಮೋಸ ಮಾಡಂಗಿಲ್ಲ" ಎಂದಳು. ಮೇಡಂ ಕೈ ಮುಗಿದರು. "ಇವರು ಹುಟ್ಟಾ ಡಿಸೈನರ್! ನೀವೆಲ್ಲ ಇವರಿಂದ ಕಲಿಯಬೇಕು!" ತರಗತಿಯವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟು ತಿಂಗಳಲ್ಲಿ ನನಗೆ ಒಂದೇ ಒಂದು ಚಪ್ಪಾಳೆ ಬಿದ್ದಿರಲಿಲ್ಲ. ಸಾಲದ್ದಕ್ಕೆ ಅಪ್ಪ, "ಕೋರ್ಸಿಗೆ ಆಕಿನ್ನ ಸೇರಿಸಬೇಕಾಗಿತ್ತಲೇ" ಎಂದ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಕತ್ತರಿ ಹುಡುಕಿದೆ. ಅತ್ತೆ ನೆಂಟರ ಮದುವೆಗೆಂದು ದೇವನಕೊಂಡಕ್ಕೆ ಹೋದದ್ದೇ ತಡ, ಮನೆಯಲ್ಲಿದ್ದ ಗಂಟುಗಳನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಎಂಥ ಸುಖ!

ಮರುದಿನ ಅವ್ವನಿಗೆ ಮೈಯಲ್ಲಿ ಹುಷಾರಿಲ್ಲದೆ ಸಾರು ನಾನೇ ಮಾಡಿದೆ. ನನಗೆ ನೆಗಡಿ, ಮೂಗು ಕಟ್ಟಿತ್ತು. ಧನಿಯಾ ಪುಡಿಯನ್ನು ಧಾರಾಳವಾಗಿ ಹಾಕಿ ಬಡಿಸಿದೆ. ಮೊದಲ ತುತ್ತಿಗೇ ಅಪ್ಪ ಎದ್ದು ಕುಣಿಯತೊಡಗಿದ.

"ಖಾರದ್ ಪುಡಿ ಸುರುವಿಯಲ್ಲೋ! ಕಣ್ಣು ಎಲ್ಲಿಟ್ಟಿದ್ದಿ?"

"ಡಬ್ಬಿಗೆ ಗಂಟು ಇರಲಿಲ್ಲ" ಎಂದೆ.

"ಗಂಟ್ಯಾಕ ಬೇಕು? ಕೆಂಪಗ ಕಾಣ್ತೈತಲ್ಲ!" ಎಂದಳು ಅವ್ವ.

ಎರಡೂ ಡಬ್ಬಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನಗೆ ಎರಡೂ ಒಂದೇ ಮಣ್ಣಿನ ಬಣ್ಣ.

ಅದೇ ವಾರ ನನ್ನ ಆ್ಯಪ್ ಒಪ್ಪಿಸಬೇಕಿತ್ತು. ಹತ್ತಿ ತಂದ ರೈತನಿಗೆ ಮಾರುಕಟ್ಟೆಯಲ್ಲಿ ಸರದಿ ಬಂದರೆ ಹಸಿರು, ಕಾಯಬೇಕಾದರೆ ಕೆಂಪು, ಹೀಗೆ ನನ್ನ ಯೋಜನೆ. ಒಪ್ಪಿಸಿದ್ದನ್ನು ನೋಡಿ ಮೇಡಂ ನನ್ನೊಬ್ಬನನ್ನೇ ಮಾತಿಗೆ ಕರೆದರು. "'ಬನ್ನಿ' ಎನ್ನುವಲ್ಲಿ ಕೆಂಪು ಹಾಕಿದ್ದೀರಲ್ಲ?" ಎಂದು, ಬಣ್ಣದ ಚುಕ್ಕಿಗಳ ಚಿತ್ರವೊಂದನ್ನು ತೋರಿಸಿ, ಅದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರು. ನನಗೆ ಚುಕ್ಕಿಗಳಷ್ಟೇ ಕಂಡವು. "ನಿಮ್ಮ ಕಣ್ಣಿಗೆ ಕೆಂಪು ಹಸಿರಿನ ಭೇದ ತಿಳಿಯುತ್ತಿಲ್ಲ. ಒಂದು ವಾರ ಕೊಡುತ್ತೇನೆ, ತಿದ್ದಿ ತನ್ನಿ" ಎಂದರು ಮೆಲ್ಲಗೆ. ಬಣ್ಣವೇ ತಿಳಿಯದವನು ಡಿಸೈನರ್ ಆಗುವುದುಂಟೇ? ಇನ್ನು ನನಗೆ ಹತ್ತಿಯೇ ಗತಿ, ಅದಾದರೂ ಬಿಳಿ!

ಅತ್ತೆ ಊರಿನಿಂದ ಬಂದು ಬೋಳು ಡಬ್ಬಿಗಳನ್ನು ನೋಡಿದಳು. ಬೈಯಲಿಲ್ಲ. ನಾನೇ ಎಲ್ಲವನ್ನೂ ಹೇಳಿದೆ, ಕತ್ತರಿಯ ಕತೆ, ಕಣ್ಣಿನ ಕತೆ.

"ನಿನ್ ಕಣ್ಣಿಂದು ನನಗ ಗೊತ್ತೈತಪಾ" ಎಂದಳು.

"ಯಾವಾಗಿಂದ?"

"ನಿನಗ ಐದು ವರ್ಷ. ಹಣ್ಣಾಗಿದ್ದ ಮೆಣಸಿನಕಾಯಿ ಕಿತ್ಕಂಬಾ ಅಂದ್ರ ಹಸೇವು ಕಿತ್ಕಂಡು ಬಂದಿ. ಎಲ್ಲಾರೂ ನಕ್ಕರು. ನೀನು ಊಟ ಬಿಟ್ಟು ಮೂಲ್ಯಾಗ ಕುಂತಿ."

"ಮತ್ತ ಯಾರಿಗೂ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮತ್ತ ನಗ್ತಿದ್ರು. ನೀ ಮುಟ್ಟೋ ಸಾಮಾನಿಗೆ ಮಾತ್ರ ಗಂಟು ಹಾಕಿದ್ರ ಯಾಕಂತ ಕೇಳ್ತಿದ್ರು. ಅದಕ ಎಲ್ಲಾದಕ್ಕೂ ಹಾಕಿದೆ. ನನಗ ಹುಚ್ಚಿ ಅಂದ್ರು. ಅನ್ನಲಿ ಬಿಡು, ನಿನಗೇನೂ ಅನ್ನಲಿಲ್ಲಲ್ಲ."

ನೂಲಿನ ಉಂಡೆ ತಂದು ಅವಳ ಪಕ್ಕ ಕುಳಿತೆ. ಇಬ್ಬರೂ ಸೇರಿ ಮತ್ತೆ ಗಂಟು ಹಾಕಿದೆವು. ನಾನು ಹಾಕಿದ್ದನ್ನೆಲ್ಲ "ಸಡ್ಲ ಆತು" ಎಂದು ಅವಳು ಬಿಚ್ಚಿ ಹಾಕಿದಳು!

ವಾರ ಕಳೆದು ಆ್ಯಪ್ ತೋರಿಸಿದೆ. ಈಗ ಅದು ಬಣ್ಣವನ್ನು ನಂಬುವುದಿಲ್ಲ. ಕಾಯಬೇಕಿದ್ದರೆ ಫೋನು ರೈತನ ಕೈಯಲ್ಲಿ ಒಂದು ಸಲ ನಡುಗುತ್ತದೆ, ಸರದಿ ಬಂದರೆ ಮೂರು ಸಲ. ಮೇಡಂ ಪಾಸು ಮಾಡಿ, ತರಗತಿಯ ಎದುರಿಗೇ ಕೇಳಿದರು: "ಯಾರದು ಈ ಯೋಚನೆ?"

ಹೊಟ್ಟೆಕಿಚ್ಚು ಒಂದು ಗಳಿಗೆ ತಲೆ ಎತ್ತಿತು, ಸುಳ್ಳೇಕೆ ಹೇಳಲಿ? ಆಮೇಲೆ ಅಡುಗೆಮನೆಯಿಂದ ಅತ್ತೆಯನ್ನು ಕೈಹಿಡಿದು ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ. "ಇವರದ್ರೀ ಮೇಡಂ" ಎಂದೆ. ಈ ಸಲ ಮೊದಲು ಚಪ್ಪಾಳೆ ತಟ್ಟಿದವನು ನಾನು.